ಕಾನ್ಫಿಗ್ ಎಲ್ಲ ಕ್ಲಾಸ್‌ಗಳಿಗೂ ಏಕೆ ತಿಳಿದಿರಬೇಕು?

ಪ್ರಶ್ನೆ: ಹಾಲಿನ ಉತ್ಪನ್ನಗಳ ಸಗಟು ವ್ಯಾಪಾರಿಯೊಬ್ಬರಿಗಾಗಿ ಆರ್ಡರ್ ಮತ್ತು ಬಿಲ್ಲಿಂಗ್ ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ ಒಂದನ್ನು ಪಿಎಚ್‌ಪಿಯಲ್ಲಿ ಬರೆಯುತ್ತಿದ್ದೇನೆ. ಮೊದಲು ಎಲ್ಲವೂ ಬಿಡಿ ಫಂಕ್ಷನ್‌ಗಳಾಗಿದ್ದವು. ಈಗ ಡೇಟಾಬೇಸ್, ಮೇಲ್, ಇನ್‌ವಾಯ್ಸ್, ಪಿಡಿಎಫ್ ಎಂದು ಕ್ಲಾಸ್‌ಗಳಾಗಿ ಒಡೆದಿದ್ದೇನೆ. ಡೇಟಾಬೇಸ್ ಪಾಸ್‌ವರ್ಡ್‌ನಿಂದ ಹಿಡಿದು ಜಿಎಸ್‌ಟಿ ದರದವರೆಗೆ ಸೆಟ್ಟಿಂಗ್‌ಗಳೆಲ್ಲ ಒಂದೇ ಕಾನ್ಫಿಗ್ ಫೈಲಿನಲ್ಲಿ, ಒಂದು ದೊಡ್ಡ ಅರೇಯಾಗಿ (ಕೀಲಿ ಮತ್ತು ಅದರ ಬೆಲೆಗಳ ಪಟ್ಟಿಯಾಗಿ) ಇವೆ. ಪ್ರತಿ ಕ್ಲಾಸಿನ ಒಳಗೂ ‘ಗ್ಲೋಬಲ್’ (ಎಲ್ಲೆಡೆಯಿಂದ ಎಟುಕುವ ವೇರಿಯಬಲ್) ಎಂದು ಬರೆದು ಆ ಅರೇಯನ್ನು ಎಳೆದುಕೊಳ್ಳುತ್ತಿದ್ದೇನೆ. ಇದು ತಪ್ಪು, ಸಿಂಗಲ್‌ಟನ್ (ಇಡೀ ಪ್ರೋಗ್ರಾಂಗೆ ಒಂದೇ ಆಬ್ಜೆಕ್ಟ್ ಇರುವ ಕ್ಲಾಸ್) ಮಾಡಿ ಎಂದು ಒಬ್ಬ ಸಹೋದ್ಯೋಗಿ ಹೇಳುತ್ತಾರೆ. ಕನ್‌ಸ್ಟ್ರಕ್ಟರ್ (ಕ್ಲಾಸಿನಿಂದ ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ಫಂಕ್ಷನ್) ಮೂಲಕ ಕಳುಹಿಸಿ ಎಂದು ಇನ್ನೊಬ್ಬರು. ಹಾಗೆ ಮಾಡಲು ಹೋದರೆ, ಮುಂದಿನ ಕ್ಲಾಸಿಗೆ ದಾಟಿಸುವುದಕ್ಕೋಸ್ಕರವೇ ಪ್ರತಿ ಕ್ಲಾಸೂ ತನಗೆ ಬೇಡದ ಸೆಟ್ಟಿಂಗ್‌ಗಳನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ. ಸರಿಯಾದ ದಾರಿ ಯಾವುದು?

ಉತ್ತರ: ಎರಡನೆಯ ಸಹೋದ್ಯೋಗಿ ಹೇಳಿದ್ದು ಸರಿ, ಆದರೆ ಅರ್ಧ ಸರಿ. ಕನ್‌ಸ್ಟ್ರಕ್ಟರ್ ಮೂಲಕವೇ ಕಳುಹಿಸಬೇಕು. ಆದರೆ ಕಳುಹಿಸಬೇಕಾದದ್ದು ಕಾನ್ಫಿಗ್ ಅರೇಯನ್ನಲ್ಲ. ಮೇಲ್ ಕ್ಲಾಸಿಗೆ ಸರ್ವರಿನ ಹೆಸರು, ಪೋರ್ಟ್, ಕಳುಹಿಸುವವರ ವಿಳಾಸ ಮುಂತಾದ ಕೆಲವೇ ಬೆಲೆಗಳು ಬೇಕು. ಅಷ್ಟನ್ನೇ ಕೊಡಿ. ಅವು ಫೈಲಿನಿಂದ ಬಂದವೋ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಂದ (ಸರ್ವರ್ ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಬೆಲೆಗಳಿಂದ) ಬಂದವೋ, ಟೆಸ್ಟ್ ಬರೆಯುವವರು ಕೈಯಾರೆ ಟೈಪ್ ಮಾಡಿದ್ದೋ ಎಂಬುದು ಮೇಲ್ ಕ್ಲಾಸಿಗೆ ಸಂಬಂಧಪಡದ ವಿಷಯ. ಕಾನ್ಫಿಗ್ ಎಂಬುದೊಂದು ಇದೆ ಎಂಬ ಸಂಗತಿ ನಿಮ್ಮ ಇಡೀ ಅಪ್ಲಿಕೇಶನ್‌ನಲ್ಲಿ ಒಂದೇ ಒಂದು ಫೈಲಿಗೆ ಗೊತ್ತಿರಬೇಕು: ಆರಂಭದಲ್ಲಿ ಆಬ್ಜೆಕ್ಟ್‌ಗಳನ್ನೆಲ್ಲ ಕಟ್ಟಿ ನಿಲ್ಲಿಸುವ ಫೈಲಿಗೆ. ಹೀಗೆ ಮಾಡಿದರೆ ಸೆಟ್ಟಿಂಗ್ ಹೊತ್ತು ತಿರುಗುವ ನಿಮ್ಮ ತೊಂದರೆಯೂ ಹೋಗುತ್ತದೆ. ಅದು ಹೇಗೆ ಎನ್ನುವ ಮೊದಲು, ಈಗಿರುವ ವ್ಯವಸ್ಥೆಯಲ್ಲಿ ಕೆಡುಕೇನು ಎಂದು ನೋಡೋಣ. ‘ಗ್ಲೋಬಲ್ ಕೆಟ್ಟದ್ದು’ ಎಂದು ಎಲ್ಲರೂ ಹೇಳುತ್ತಾರೆ, ಏಕೆ ಕೆಟ್ಟದ್ದು ಎಂದು ತೋರಿಸುವವರು ಕಡಿಮೆ.

ನಿಮ್ಮ ಇನ್‌ವಾಯ್ಸ್ ಕ್ಲಾಸನ್ನು ಒಂದು ಖಾಲಿ ಫೈಲಿನಲ್ಲಿ ಒಂಟಿಯಾಗಿ ನಡೆಸಿ ನೋಡಿ. ಅದರ ಕನ್‌ಸ್ಟ್ರಕ್ಟರ್ ಏನನ್ನೂ ಕೇಳುವುದಿಲ್ಲ, ಆದ್ದರಿಂದ ಆಬ್ಜೆಕ್ಟ್ ಸಲೀಸಾಗಿ ಹುಟ್ಟುತ್ತದೆ. ಸಾವಿರ ರೂಪಾಯಿಯ ಸರಕು ಸೇರಿಸಿ ತೆರಿಗೆ ಲೆಕ್ಕ ಹಾಕಲು ಹೇಳಿ. ಕಾನ್ಫಿಗ್ ಫೈಲನ್ನು ಯಾರೂ ಓದಿಲ್ಲವಾದ್ದರಿಂದ ಆ ಗ್ಲೋಬಲ್ ಅರೇ ‘ನಲ್’ (ಏನೂ ಇಲ್ಲದ್ದು) ಆಗಿರುತ್ತದೆ. ನಲ್‌ನ ಒಳಗಿನ ಕೀಲಿ ಕೇಳಿದರೆ ಪಿಎಚ್‌ಪಿ ಒಂದು ಎಚ್ಚರಿಕೆ ಬರೆದು ಮತ್ತೆ ನಲ್ ಅನ್ನೇ ಕೊಡುತ್ತದೆ. ಗುಣಾಕಾರದಲ್ಲಿ ನಲ್ ಎಂದರೆ ಸೊನ್ನೆ. ಹಾಗಾಗಿ ತೆರಿಗೆ ಸೊನ್ನೆ ರೂಪಾಯಿ, ಬಿಲ್ ಸಿದ್ಧ! ಗ್ರಾಹಕರು ಬಳಸುವ ಸರ್ವರಿನಲ್ಲಿ ಎಚ್ಚರಿಕೆಗಳನ್ನು ಪರದೆಯ ಮೇಲೆ ತೋರಿಸದಂತೆ ಮಾಡಿರುತ್ತೀರಿ. ಆದ್ದರಿಂದ ಆ ಒಂದು ಸಾಲು ಲಾಗ್ ಫೈಲಿನಲ್ಲಿ ಕುಳಿತಿರುತ್ತದೆ. ಪ್ರೋಗ್ರಾಂ ಎಲ್ಲಿಯೂ ನಿಲ್ಲುವುದಿಲ್ಲ. ಕೀಲಿಯ ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಫಲ ಇದೇ.

ಇಲ್ಲಿ ದೋಷ ಗ್ಲೋಬಲ್ ಎಂಬ ಪದದ್ದಲ್ಲ. ಇನ್‌ವಾಯ್ಸ್ ಕ್ಲಾಸಿಗೆ ಒಂದು ದರ ಬೇಕು, ಆದರೆ ಹಾಗೆಂದು ಅದು ಹೊರಗೆ ಎಲ್ಲಿಯೂ ಹೇಳಿಕೊಂಡಿಲ್ಲ, ಕೆಡುಕಿರುವುದು ಇಲ್ಲಿ. ಕನ್‌ಸ್ಟ್ರಕ್ಟರ್ ಓದಿದವರಿಗೆ ‘ಇದಕ್ಕೆ ಏನೂ ಬೇಡ’ ಎಂದು ಕಾಣುತ್ತದೆ, ಒಳಗೆ ಇನ್ನೂರನೆಯ ಸಾಲಿನಲ್ಲಿ ಬೇರೆಯೇ ಕಥೆ ಇರುತ್ತದೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಮೊದಲ ಸಹೋದ್ಯೋಗಿಯ ಸಿಂಗಲ್‌ಟನ್ ಸಲಹೆಯಿಂದ ಏನೂ ಬದಲಾಗುವುದಿಲ್ಲ ಎಂಬುದು ತಿಳಿಯುತ್ತದೆ. ಕಾನ್ಫಿಗ್ ಎಂಬ ಕ್ಲಾಸ್ ಮಾಡಿ, ಅದರ ಸ್ಟ್ಯಾಟಿಕ್ ಮೆಥಡ್ ಕರೆದು ಬೇಕಾದ ಕೀಲಿಯನ್ನು ಕೇಳುವುದು ಇಸ್ತ್ರಿ ಮಾಡಿದ ಗ್ಲೋಬಲ್, ಅಷ್ಟೇ. ಕೀಲಿ ಇಲ್ಲದಿದ್ದರೆ ಎಕ್ಸೆಪ್ಶನ್ ಎಸೆಯುವಂತೆ (ದೋಷ ಸಾರಿ ಕೆಲಸ ನಿಲ್ಲಿಸುವಂತೆ) ಮಾಡಬಹುದು, ಅದೊಂದು ಲಾಭ. ಆದರೆ ಅವಲಂಬನೆ ಮೊದಲಿನಂತೆಯೇ ಕಣ್ಣಿಗೆ ಬೀಳದು. ‘ಡಿಫೈನ್’ ಬಳಸಿ ಮಾಡುವ ಕಾನ್‌ಸ್ಟಂಟ್‌ಗಳ ಕಥೆ ಇನ್ನೂ ಬಿಗಿ: ಒಮ್ಮೆ ಹೇಳಿದ ಬೆಲೆಯನ್ನು ಅದೇ ಪ್ರೊಸೆಸ್ಸಿನಲ್ಲಿ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ಎರಡು ಬೇರೆ ಸೆಟ್ಟಿಂಗ್‌ಗಳೊಡನೆ ಒಂದೇ ಕ್ಲಾಸನ್ನು ಪರೀಕ್ಷಿಸುವ ಟೆಸ್ಟ್ ಬರೆಯುವುದು ದೊಡ್ಡ ಸರ್ಕಸ್ಸಾಗುತ್ತದೆ.

ಸಿಂಗಲ್‌ಟನ್‌ಗೆ ಇನ್ನೊಂದು ಅಪಾಯವಿದೆ. ಪಿಎಚ್‌ಪಿ ಬರೆಯುವವರಿಗೆ ಅದು ಬಹಳ ದಿನ ಕಾಣುವುದಿಲ್ಲ. ಸಾಮಾನ್ಯ ಪಿಎಚ್‌ಪಿ ವ್ಯವಸ್ಥೆಯಲ್ಲಿ ಪ್ರತಿ ರಿಕ್ವೆಸ್ಟ್ ಮುಗಿದಾಗ ಎಲ್ಲ ವೇರಿಯಬಲ್‌ಗಳೂ ಅಳಿಸಿಹೋಗುತ್ತವೆ. ಮುಂದಿನ ರಿಕ್ವೆಸ್ಟ್‌ಗೆ ಎಲ್ಲವೂ ಹೊಸದು. ಆದ್ದರಿಂದ ಯಾರಾದರೂ ಕೋಡಿನ ನಡುವೆ ಕಾನ್ಫಿಗ್‌ಗೆ ‘ಈಗಿನ ಶಾಖೆ ಹುಬ್ಬಳ್ಳಿ’ ಎಂದು ಬರೆದರೂ ಆ ಪುಟ ಮುಗಿದೊಡನೆ ಅದು ಮರೆತುಹೋಗುತ್ತದೆ. ನಾಳೆ ವೇಗಕ್ಕಾಗಿ ಸ್ವೂಲ್, ರೋಡ್‌ರನ್ನರ್ ಅಥವಾ ಲಾರಾವೆಲ್ ಆಕ್ಟೇನ್‌ಗೆ ಹೋದಿರಿ ಎನ್ನಿ. ಅಲ್ಲಿ ಒಂದೇ ಪ್ರೊಸೆಸ್ ಸಾವಿರಾರು ರಿಕ್ವೆಸ್ಟ್‌ಗಳನ್ನು ಸಾಲಾಗಿ ನಡೆಸುತ್ತದೆ, ಸಿಂಗಲ್‌ಟನ್ ಬದುಕಿಯೇ ಇರುತ್ತದೆ. ದಾವಣಗೆರೆಯ ಅಂಗಡಿಯವರು ಲಾಗಿನ್ ಆದಾಗ ಹುಬ್ಬಳ್ಳಿ ಶಾಖೆಯ ಬಿಲ್ ಸಂಖ್ಯೆ ಬರುತ್ತದೆ, ಅದೂ ಯಾವಾಗಲೋ ಒಮ್ಮೆ. ಇಂಥ ದೋಷವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮತ್ತೆ ಹುಟ್ಟಿಸುವುದು ಬಲು ಕಷ್ಟ. ಜಾವಾ, ನೋಡ್, ಪೈಥಾನ್ ಲೋಕದಲ್ಲಿ ಸರ್ವರ್ ಪ್ರೊಸೆಸ್ ಹೀಗೆ ಬದುಕಿರುವುದೇ ವಾಡಿಕೆಯಾದ್ದರಿಂದ ಅಲ್ಲಿನವರು ಈ ಪಾಠವನ್ನು ಬೇಗ ಕಲಿಯುತ್ತಾರೆ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಮೇಲ್ ಕ್ಲಾಸನ್ನೇ ತೆಗೆದುಕೊಳ್ಳುತ್ತೇನೆ, ಅದು ಚಿಕ್ಕದು.

ಅದಕ್ಕೆ ಬೇಕಾದದ್ದು ಐದು: ಸರ್ವರಿನ ಹೆಸರು, ಪೋರ್ಟ್, ಬಳಕೆದಾರರ ಹೆಸರು, ಪಾಸ್‌ವರ್ಡ್, ಕಳುಹಿಸುವವರ ವಿಳಾಸ. ಐದನ್ನೂ ಬಿಡಿಬಿಡಿಯಾಗಿ ಕನ್‌ಸ್ಟ್ರಕ್ಟರ್‌ಗೆ ಕೊಡಬಹುದು. ಆದರೆ ಐದರಲ್ಲಿ ನಾಲ್ಕು ಸ್ಟ್ರಿಂಗ್‌ಗಳು (ಪಠ್ಯದ ತುಣುಕುಗಳು). ಎರಡು ಅದಲುಬದಲಾದರೆ ಪಿಎಚ್‌ಪಿ ತುಟಿಪಿಟಕ್ಕೆನ್ನುವುದಿಲ್ಲ. ಪಿಎಚ್‌ಪಿ 8.0ರಿಂದ ಆರ್ಗ್ಯುಮೆಂಟ್‌ಗಳನ್ನು ಹೆಸರು ಹೇಳಿ ಕೊಡುವ ಸೌಲಭ್ಯವಿದೆ, ಅದನ್ನು ಬಳಸಿ. ಇನ್ನೂ ಒಳ್ಳೆಯದೆಂದರೆ ‘ಮೇಲ್‌ಸೆಟ್ಟಿಂಗ್ಸ್’ ಎಂಬ ಪುಟ್ಟ ಕ್ಲಾಸ್ ಮಾಡಿ, ಈ ಐದನ್ನು ಅದರೊಳಗಿಟ್ಟು, ಅದೊಂದನ್ನೇ ಮೇಲ್ ಕ್ಲಾಸಿಗೆ ಕೊಡುವುದು. ಅದರಲ್ಲಿ ಲೆಕ್ಕ ಇಲ್ಲ, ಬುದ್ಧಿವಂತಿಕೆ ಇಲ್ಲ, ಬರೀ ಬೆಲೆಗಳು ಮತ್ತು ಅವುಗಳ ಟೈಪ್‌ಗಳು. 8.1ರಲ್ಲಿ ಒಂದೊಂದು ಪ್ರಾಪರ್ಟಿಯನ್ನೂ ‘ರೀಡ್‌ಓನ್ಲಿ’ ಎಂದು ಗುರುತಿಸಬಹುದಿತ್ತು, 8.2ರಿಂದ ಇಡೀ ಕ್ಲಾಸನ್ನೇ ಹಾಗೆ ಗುರುತಿಸಬಹುದು. ಒಮ್ಮೆ ಹುಟ್ಟಿದ ಮೇಲೆ ಅದರೊಳಗಿನ ಪೋರ್ಟ್ ಸಂಖ್ಯೆಯನ್ನು ಯಾವ ಕೋಡೂ ಬದಲಾಯಿಸಲಾರದು. ಹೀಗಾದಾಗ ಹುಬ್ಬಳ್ಳಿ–ದಾವಣಗೆರೆ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಒಂದು ಕಿವಿಮಾತು. ಈ ಪುಟ್ಟ ಕ್ಲಾಸ್‌ಗಳನ್ನು ಕಾನ್ಫಿಗ್ ಫೈಲಿನ ವಿಭಾಗಗಳನ್ನು ನೋಡಿ ಮಾಡಬೇಡಿ, ಬಳಸುವವರನ್ನು ನೋಡಿ ಮಾಡಿ. ಫೈಲಿನಲ್ಲಿ ‘ಫೋಲ್ಡರ್‌ಗಳು’ ಎಂಬ ವಿಭಾಗದಲ್ಲಿ ಎಂಟು ದಾರಿಗಳು (ಫೈಲ್ ಎಲ್ಲಿದೆ ಎಂಬ ವಿಳಾಸಗಳು) ಇವೆ ಎಂದ ಮಾತ್ರಕ್ಕೆ ‘ಫೋಲ್ಡರ್‌ಸೆಟ್ಟಿಂಗ್ಸ್’ ಎಂದು ಮಾಡಿ ಎಲ್ಲರಿಗೂ ಕೊಟ್ಟರೆ ಚಿಕ್ಕ ಗಾತ್ರದ ಗ್ಲೋಬಲ್ ಅರೇ ಮತ್ತೆ ಹುಟ್ಟಿದಂತೆ. ಪಿಡಿಎಫ್ ಕ್ಲಾಸಿಗೆ ಎರಡು ದಾರಿ ಬೇಕಾದರೆ ಆ ಎರಡನ್ನೇ ಕೊಡಿ, ಅದಕ್ಕೆ ಹೊಸ ಕ್ಲಾಸ್ ಕೂಡ ಬೇಡ.

‘ಹಾಗಾದರೆ ನನ್ನ ಆರ್ಡರ್ ಕ್ಲಾಸಿಗೆ ಒಂಬತ್ತು ಸೆಟ್ಟಿಂಗ್ ಬೇಕಲ್ಲ, ಕನ್‌ಸ್ಟ್ರಕ್ಟರ್ ಮಾರುದ್ದ ಆಗುತ್ತದೆ’ ಎನ್ನುತ್ತೀರಿ. ಆಗಲಿ. ಆ ಒಂಬತ್ತು ಮೊದಲೂ ಬೇಕಾಗಿದ್ದವು, ಗ್ಲೋಬಲ್‌ನ ಹಿಂದೆ ಅಡಗಿದ್ದವು. ಉದ್ದದ ಕನ್‌ಸ್ಟ್ರಕ್ಟರ್ ಆ ಕ್ಲಾಸಿನ ಮೇಲೆ ಬಂದ ದೂರು ಎಂದು ತಿಳಿಯಿರಿ: ಅದು ಮೇಲ್ ಕಳುಹಿಸುತ್ತಿದೆ, ಫೈಲ್ ಬರೆಯುತ್ತಿದೆ, ತೆರಿಗೆ ಲೆಕ್ಕ ಹಾಕುತ್ತಿದೆ. ಅದನ್ನು ಒಡೆಯಿರಿ, ಸೆಟ್ಟಿಂಗ್‌ಗಳು ತಾವಾಗಿ ಆಯಾ ಮನೆ ಸೇರುತ್ತವೆ.

ಇನ್ನು ನಿಮ್ಮ ಪ್ರಶ್ನೆಯ ನಿಜವಾದ ಗಂಟು, ಬೇಡದ ಸೆಟ್ಟಿಂಗನ್ನು ಹೊತ್ತು ತಿರುಗುವ ತೊಂದರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಿಮ್ಮ ಕೋಡ್ ಈಗ ಹೀಗಿದೆ ಎಂದು ಊಹಿಸುತ್ತೇನೆ. ಆರ್ಡರ್ ಪುಟದ ಕಂಟ್ರೋಲರ್ (ಆ ಪುಟದ ರಿಕ್ವೆಸ್ಟ್ ನಿಭಾಯಿಸುವ ಕ್ಲಾಸ್) ತನ್ನ ಮೆಥಡ್ ಒಳಗೆ ಇನ್‌ವಾಯ್ಸ್ ಆಬ್ಜೆಕ್ಟನ್ನು ‘ನ್ಯೂ’ ಎಂದು ಹುಟ್ಟಿಸುತ್ತದೆ. ಇನ್‌ವಾಯ್ಸ್ ತನ್ನೊಳಗೆ ಪಿಡಿಎಫ್ ಆಬ್ಜೆಕ್ಟನ್ನು ಹುಟ್ಟಿಸುತ್ತದೆ. ಪಿಡಿಎಫ್‌ಗೆ ಕನ್ನಡ ಅಕ್ಷರ ಮೂಡಿಸಲು ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಫೈಲ್ ಎಲ್ಲಿದೆ ಎಂದು ಗೊತ್ತಾಗಬೇಕು. ಗ್ಲೋಬಲ್ ತೆಗೆದು ಕನ್‌ಸ್ಟ್ರಕ್ಟರ್ ಮೂಲಕ ಕೊಡಹೊರಟರೆ, ಫಾಂಟಿನ ದಾರಿಯನ್ನು ಕಂಟ್ರೋಲರ್ ತಿಳಿದು ಇನ್‌ವಾಯ್ಸ್‌ಗೆ ಕೊಟ್ಟು, ಇನ್‌ವಾಯ್ಸ್ ಅದನ್ನು ಪಿಡಿಎಫ್‌ಗೆ ದಾಟಿಸಬೇಕಾಗುತ್ತದೆ. ಆರ್ಡರ್ ಪುಟಕ್ಕೂ ಫಾಂಟ್ ಫೈಲಿಗೂ ಏನು ಸಂಬಂಧ? ಏನೂ ಇಲ್ಲ. ನಿಮಗೆ ಕಿರಿಕಿರಿ ಆಗಿದ್ದು ನ್ಯಾಯವೇ.

ಆದರೆ ಕಿರಿಕಿರಿಯ ಬೇರು ಆ ‘ನ್ಯೂ’ಗಳಲ್ಲಿದೆ. ಇನ್‌ವಾಯ್ಸ್ ಪಿಡಿಎಫ್ ಅನ್ನು ಬಳಸಬೇಕು, ಹುಟ್ಟಿಸಬೇಕಾಗಿಲ್ಲ. ಹುಟ್ಟಿಸುವ ಕೆಲಸ ವಹಿಸಿಕೊಂಡಿದ್ದರಿಂದ ಹುಟ್ಟಿಸಲು ಬೇಕಾದ ಸಾಮಗ್ರಿಯೂ ಅದರ ಹೆಗಲಿಗೆ ಬಿತ್ತು. ಇದನ್ನು ತಿರುಗಿಸಿ, ಒಳಗಿನಿಂದ ಹೊರಕ್ಕೆ ಕಟ್ಟಿ. ಆರಂಭದ ಫೈಲಿನಲ್ಲಿ ಮೊದಲು ಪಿಡಿಎಫ್ ಆಬ್ಜೆಕ್ಟ್ ಹುಟ್ಟಲಿ, ಫಾಂಟಿನ ದಾರಿಯನ್ನು ಅಲ್ಲೇ ಅದಕ್ಕೆ ಕೊಟ್ಟುಬಿಡಿ. ಎರಡನೆಯ ಸಾಲಿನಲ್ಲಿ ಇನ್‌ವಾಯ್ಸ್ ಹುಟ್ಟಲಿ, ಅದಕ್ಕೆ ಸಿದ್ಧವಾಗಿರುವ ಪಿಡಿಎಫ್ ಆಬ್ಜೆಕ್ಟನ್ನು ಕೊಡಿ. ಮೂರನೆಯ ಸಾಲಿನಲ್ಲಿ ಕಂಟ್ರೋಲರ್, ಅದಕ್ಕೆ ಸಿದ್ಧ ಇನ್‌ವಾಯ್ಸ್. ಈಗ ನೋಡಿ, ಫಾಂಟಿನ ದಾರಿ ಒಂದೇ ಕಡೆ ಪ್ರಯಾಣ ಮಾಡಿತು: ಕಾನ್ಫಿಗ್‌ನಿಂದ ನೇರ ಪಿಡಿಎಫ್‌ಗೆ. ನಡುವೆ ಯಾರೂ ಹೊರಲಿಲ್ಲ. ಬೇಡದ ಹೊರೆ ಹೊರುವ ಮಾತು ಬರುವುದು ಆಬ್ಜೆಕ್ಟ್‌ಗಳು ಒಂದನ್ನೊಂದು ಹುಟ್ಟಿಸುತ್ತಾ ಹೋದಾಗ ಮಾತ್ರ. ಈ ಪದ್ಧತಿಗೆ ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ಹೆಸರು ನೆಲೆನಿಂತದ್ದು 2004ರಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ. ಹೆಸರು ಭಾರಿಯಾಗಿದೆ, ವಿಷಯ ಮಾತ್ರ ಮೇಲಿನ ಮೂರು ಸಾಲು, ಅಷ್ಟೇ.

ಕೆಲವು ಆಬ್ಜೆಕ್ಟ್‌ಗಳು ಆರಂಭದಲ್ಲಿ ಹುಟ್ಟಲು ಬಾರದವು. ಪ್ರತಿ ಬಿಲ್ಲಿಗೂ ಒಂದೊಂದು ಹೊಸ ಪಿಡಿಎಫ್ ದಾಖಲೆ ಬೇಕು, ಎಷ್ಟು ಬಿಲ್ ಬರುತ್ತವೆ ಎಂದು ಮೊದಲೇ ಗೊತ್ತಿಲ್ಲ. ಅಂಥಲ್ಲಿ ಫ್ಯಾಕ್ಟರಿ (ಕೇಳಿದಾಗ ಆಬ್ಜೆಕ್ಟ್ ಹುಟ್ಟಿಸಿಕೊಡುವ ಆಬ್ಜೆಕ್ಟ್) ಇಡಿ. ಫ್ಯಾಕ್ಟರಿ ಆರಂಭದಲ್ಲಿ ಹುಟ್ಟಿ, ಫಾಂಟಿನ ದಾರಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಇನ್‌ವಾಯ್ಸ್ ಅದನ್ನು ‘ಹೊಸ ದಾಖಲೆ ಕೊಡು’ ಎಂದು ಕೇಳುತ್ತದೆ. ಕೇಳುವವರಿಗೆ ಫಾಂಟಿನ ಸುದ್ದಿ ಇಲ್ಲಿಯೂ ಗೊತ್ತಿಲ್ಲ.

ಆರಂಭದ ಫೈಲು ಬೆಳೆದು ಇನ್ನೂರು ಸಾಲಾದಾಗ ಜನ ಕಂಟೇನರ್ ಹುಡುಕುತ್ತಾರೆ. ಯಾವ ಕ್ಲಾಸಿಗೆ ಯಾವುದು ಬೇಕು ಎಂದು ಕನ್‌ಸ್ಟ್ರಕ್ಟರಿನ ಟೈಪ್‌ಗಳನ್ನು ಓದಿ ತಾನೇ ಕಟ್ಟಿಕೊಡುವ ಸಾಧನ ಅದು. ಪಿಎಚ್‌ಪಿ ಫ್ರೇಮ್‌ವರ್ಕ್‌ಗಳಾದ ಸಿಂಫನಿ, ಲಾರಾವೆಲ್ ಎರಡರಲ್ಲೂ ಇದೆ. ಹದಿನೈದು ಇಪ್ಪತ್ತು ಕ್ಲಾಸ್‌ಗಳ ನಿಮ್ಮ ಅಪ್ಲಿಕೇಶನ್‌ಗೆ ಈಗಲೇ ಬೇಕಾಗಿಲ್ಲ. ಕೈಯಲ್ಲಿ ಕಟ್ಟಿದ ಫೈಲನ್ನು ಮೇಲಿನಿಂದ ಕೆಳಗೆ ಓದಿದರೆ ಇಡೀ ಅಪ್ಲಿಕೇಶನ್ ಹೇಗೆ ಜೋಡಣೆಯಾಗಿದೆ ಎಂದು ಹೊಸಬರಿಗೂ ತಿಳಿಯುತ್ತದೆ. ಅದು ಸಣ್ಣ ಲಾಭವಲ್ಲ.

ಕಂಟೇನರ್ ತಂದರೂ ಒಂದು ಕೆಲಸ ಮಾಡಬೇಡಿ: ಕಂಟೇನರನ್ನೇ ಕನ್‌ಸ್ಟ್ರಕ್ಟರ್‌ಗೆ ಕೊಟ್ಟು, ಒಳಗಿನಿಂದ ‘ಮೇಲ್ ಕೊಡು, ಡೇಟಾಬೇಸ್ ಕೊಡು’ ಎಂದು ಕೇಳಿಸಬೇಡಿ. ಮದುವೆ ಮನೆಯಲ್ಲಿ ಉಗ್ರಾಣದ ಕೀಲಿಯನ್ನು ಬಡಿಸುವ ಹುಡುಗರಿಗೆಲ್ಲ ಒಂದೊಂದು ಕೊಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಯಾರು ಏನು ಒಯ್ದರು ಎಂದು ಸಂಜೆ ಯಾರಿಗೂ ಹೇಳಲು ಬರುವುದಿಲ್ಲ. ಉಗ್ರಾಣದವರು ಅಳೆದು ಕೊಡಬೇಕು, ಅಡುಗೆಯವರು ಕೊಟ್ಟದ್ದರಲ್ಲಿ ಮಾಡಬೇಕು.

ಕಾನ್ಫಿಗ್ ಓದುವ ಆ ಒಂದು ಫೈಲಿಗೆ ಇನ್ನೊಂದು ಹೊಣೆಯಿದೆ, ಅದು ಪರಿಶೀಲನೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೆಲ್ಲ ಸ್ಟ್ರಿಂಗ್‌ಗಳು ಎಂಬುದನ್ನು ನೆನಪಿಡಿ. ಯಾರೋ ಸರ್ವರಿನಲ್ಲಿ ಡೀಬಗ್‌ಗೆ (ದೋಷದ ವಿವರ ತೋರಿಸುವ ಸೆಟ್ಟಿಂಗ್‌ಗೆ) ‘ಫಾಲ್ಸ್’ ಎಂದು ಬರೆದಿರುತ್ತಾರೆ. ಪಿಎಚ್‌ಪಿಯಲ್ಲಿ ಅದನ್ನು ಬೂಲಿಯನ್‌ಗೆ (ಸತ್ಯ ಅಥವಾ ಸುಳ್ಳು ಎಂಬ ಬೆಲೆಗೆ) ತಿರುಗಿಸಿದರೆ ಬರುವುದು ಸತ್ಯ! ಖಾಲಿ ಸ್ಟ್ರಿಂಗ್ ಮತ್ತು ಸೊನ್ನೆ ಎಂಬ ಒಂದಕ್ಷರದ ಸ್ಟ್ರಿಂಗ್ ಬಿಟ್ಟರೆ ಉಳಿದ ಸ್ಟ್ರಿಂಗ್‌ಗಳೆಲ್ಲ ಸತ್ಯವೇ, ಅದರಲ್ಲಿ ‘ಫಾಲ್ಸ್’ ಎಂಬ ಐದಕ್ಷರದ ಇಂಗ್ಲಿಷ್ ಪದವೂ ಸೇರಿದೆ. ಡೀಬಗ್ ಆಫ್ ಮಾಡಿದ್ದೇವೆ ಎಂದು ನಂಬಿ ಕುಳಿತಿರುವಾಗ, ದೋಷ ಬಂದ ಪುಟದಲ್ಲಿ ಫೈಲ್‌ಗಳ ದಾರಿಯೆಲ್ಲ ಗ್ರಾಹಕರಿಗೆ ಕಾಣುತ್ತಿರುತ್ತದೆ. ಪೈಥಾನಿನಲ್ಲೂ ಇದೇ ಗುಂಡಿ ಇದೆ. ಲಾರಾವೆಲ್‌ನ ‘ಎನ್ವ್’ ಫಂಕ್ಷನ್ ಈ ಪದಗಳನ್ನು ಗುರುತಿಸಿ ತಿರುಗಿಸಿಕೊಡುತ್ತದೆ. ಬರಿಯ ಪಿಎಚ್‌ಪಿಯಲ್ಲಿ ಆ ಕೆಲಸ ನಿಮ್ಮದು. ಆದ್ದರಿಂದ ಸ್ಟ್ರಿಂಗ್ ಅನ್ನು ಸಂಖ್ಯೆಗೆ, ಬೂಲಿಯನ್‌ಗೆ ತಿರುಗಿಸುವುದು, ಪೋರ್ಟ್ 1ರಿಂದ 65535ರ ಒಳಗಿದೆಯೇ ನೋಡುವುದು, ಫಾಂಟ್ ಫೈಲ್ ನಿಜಕ್ಕೂ ಇದೆಯೇ ನೋಡುವುದು, ಇವೆಲ್ಲ ಬಾಗಿಲಲ್ಲೇ ಮುಗಿಯಬೇಕು. ತಪ್ಪಿದ್ದರೆ ಅಪ್ಲಿಕೇಶನ್ ಆರಂಭವೇ ಆಗಬಾರದು. ಬೆಳಿಗ್ಗೆ ಒಂಬತ್ತಕ್ಕೆ ನೀವು ಹೊಸ ಕೋಡ್ ಏರಿಸಿದ ಕೂಡಲೇ ನಿಂತುಹೋಗುವ ಪ್ರೋಗ್ರಾಂ, ತಿಂಗಳ ಕೊನೆಯ ರಾತ್ರಿ ಮೊದಲ ಮೇಲ್ ಕಳುಹಿಸುವಾಗ ಬೀಳುವ ಪ್ರೋಗ್ರಾಂಗಿಂತ ಎಷ್ಟೋ ವಾಸಿ.

ಕೀಲಿ ಇಲ್ಲದಿದ್ದರೆ ಬಳಸುವ ಡೀಫಾಲ್ಟ್ ಬೆಲೆಗಳೂ ಇಲ್ಲೇ ಇರಲಿ. ಕ್ಲಾಸ್‌ಗಳ ಒಳಗೆ ಹಂಚಿಹೋದ ಡೀಫಾಲ್ಟ್‌ಗಳಷ್ಟು ಗೋಳು ಕೊಡುವ ವಸ್ತು ಬೇರೆ ಇಲ್ಲ: ಒಂದು ಕ್ಲಾಸ್ ಟೈಮ್‌ಔಟ್ 30 ಸೆಕೆಂಡ್ ಎಂದುಕೊಂಡಿರುತ್ತದೆ, ಇನ್ನೊಂದು 10 ಎಂದುಕೊಂಡಿರುತ್ತದೆ, ಫೈಲಿನಲ್ಲಿ ಟೈಮ್‌ಔಟ್ ಎಂಬುದೇ ಇರುವುದಿಲ್ಲ.

ಪಾಸ್‌ವರ್ಡ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಮುಂದೆ ಹೋಗಲಾರೆ. 2011ರಲ್ಲಿ ಕ್ಲೌಡ್ ಕಂಪನಿ ಹೆರೋಕುವಿನವರು ಮುಂದಿಟ್ಟ ಹನ್ನೆರಡು ಸೂತ್ರಗಳಲ್ಲಿ ಒಂದು ಕಾನ್ಫಿಗ್ ಕುರಿತಾದದ್ದು. ಅದರ ಪರೀಕ್ಷೆ ನನಗೆ ಇಂದಿಗೂ ಇಷ್ಟ: ನಿಮ್ಮ ಕೋಡನ್ನು ಈ ಕ್ಷಣವೇ ಎಲ್ಲರಿಗೂ ತೆರೆದಿಟ್ಟರೆ ಯಾವ ಗುಟ್ಟಾದರೂ ಬಯಲಾಗುತ್ತದೆಯೇ? ಆಗುತ್ತದೆ ಎಂದಾದರೆ ಗುಟ್ಟು ತಪ್ಪು ಜಾಗದಲ್ಲಿದೆ. ಎನ್ವಿರಾನ್‌ಮೆಂಟ್‌ಗೆ ಸಾಗಿಸಿದ ಮೇಲೂ ‘ಪಿಎಚ್‌ಪಿ ಇನ್ಫೋ’ ತೋರಿಸುವ ಪುಟವನ್ನು ಸರ್ವರಿನಲ್ಲಿ ಬಿಡಬೇಡಿ, ಅದು ಆ ವೇರಿಯಬಲ್‌ಗಳನ್ನೂ ಸಾಲಾಗಿ ಮುದ್ರಿಸುತ್ತದೆ. ಕನ್‌ಸ್ಟ್ರಕ್ಟರ್ ಮೂಲಕ ಕೊಡುವ ಪದ್ಧತಿಗೆ ಇಲ್ಲಿ ಒಂದು ಸಣ್ಣ ಬೆಲೆಯೂ ಇದೆ: ಆರ್ಗ್ಯುಮೆಂಟ್ ಆಗಿ ಹೋದ ಪಾಸ್‌ವರ್ಡ್, ಎಕ್ಸೆಪ್ಶನ್ ಬಂದಾಗ ಸ್ಟ್ಯಾಕ್ ಟ್ರೇಸ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯಲ್ಲಿ) ಕಾಣಿಸಿಕೊಂಡು ಲಾಗ್ ಸೇರಬಹುದು. ಪಿಎಚ್‌ಪಿ 8.2ರಲ್ಲಿ ಇದಕ್ಕೆಂದೇ ‘ಸೆನ್ಸಿಟಿವ್ ಪ್ಯಾರಾಮೀಟರ್’ ಎಂಬ ಗುರುತು ಬಂದಿದೆ. ಪಾಸ್‌ವರ್ಡ್ ಇರುವ ಪ್ಯಾರಾಮೀಟರಿನ ಮುಂದೆ ಅದನ್ನು ಹಾಕಿ.

ಈಗ ಜಿಎಸ್‌ಟಿ. ನಿಮ್ಮ ಪತ್ರ ಓದುತ್ತಿದ್ದಾಗ ನನ್ನ ಹುಬ್ಬು ಮೇಲೇರಿದ್ದು ಇಲ್ಲಿ, ಗ್ಲೋಬಲ್ ಎಂದಾಗ ಅಲ್ಲ. ತೆರಿಗೆ ದರ ಸೆಟ್ಟಿಂಗ್ ಅಲ್ಲ. 2025ರ ಸೆಪ್ಟೆಂಬರ್ 22ರಂದು ತುಪ್ಪ ಮತ್ತು ಬೆಣ್ಣೆಯ ದರ ಶೇ 12ರಿಂದ ಶೇ 5ಕ್ಕೆ ಇಳಿಯಿತು. ದರ ಕಾನ್ಫಿಗ್ ಫೈಲಿನಲ್ಲಿದ್ದವರು ಆ ದಿನ ಏನು ಮಾಡಬೇಕಿತ್ತು? 12 ಅಳಿಸಿ 5 ಬರೆಯಬೇಕಿತ್ತು. ಬರೆದರು ಎನ್ನಿ. ಮರುದಿನ ಆಗಸ್ಟ್ ತಿಂಗಳ ತುಪ್ಪದ ಬಿಲ್ ಒಂದನ್ನು ಗ್ರಾಹಕರು ಮತ್ತೆ ಕೇಳುತ್ತಾರೆ. ಪ್ರೋಗ್ರಾಂ ಹೊಸ ದರದಲ್ಲಿ ಲೆಕ್ಕ ಹಾಕಿ ಬೇರೆಯೇ ಮೊತ್ತದ ಬಿಲ್ ಕೊಡುತ್ತದೆ. ಅದೇ ಆಗಸ್ಟ್‌ನ ಸರಕು ಹಿಂದಿರುಗಿ ಬಂದರೆ ಕ್ರೆಡಿಟ್ ನೋಟ್ ಕೂಡ ತಪ್ಪು.

ದರ ಎಂಬುದು ‘ಯಾವ ಸರಕು, ಯಾವ ದಿನದಿಂದ, ಎಷ್ಟು’ ಎಂಬ ಮೂರು ಮನೆಗಳ ದತ್ತಾಂಶ. ಅದು ಡೇಟಾಬೇಸಿನ ಕೋಷ್ಟಕದಲ್ಲಿರಬೇಕು. ಇನ್‌ವಾಯ್ಸ್ ಕ್ಲಾಸಿಗೆ ನೀವು ಕೊಡಬೇಕಾದದ್ದು ‘5’ ಎಂಬ ಸಂಖ್ಯೆಯನ್ನಲ್ಲ, ‘ಈ ಸರಕಿಗೆ ಈ ದಿನ ಎಷ್ಟು ದರ’ ಎಂದು ಕೇಳಬಲ್ಲ ಒಂದು ಆಬ್ಜೆಕ್ಟನ್ನು. ಜೊತೆಗೆ, ಬಿಲ್ ಆದ ಕ್ಷಣದಲ್ಲೇ ಆ ದರವನ್ನು ಬಿಲ್ಲಿನ ಸಾಲಿನಲ್ಲಿ ಬರೆದಿಟ್ಟುಬಿಡಿ, ಮರುಮುದ್ರಣಕ್ಕೆ ಮತ್ತೆ ಲೆಕ್ಕ ಹಾಕುವ ಪ್ರಸಂಗವೇ ಬೇಡ. ಸರಬರಾಜು ಒಂದು ದಿನ, ಬಿಲ್ ಇನ್ನೊಂದು ದಿನ, ಹಣ ಮತ್ತೊಂದು ದಿನ ಆಗಿ ನಡುವೆ ದರ ಬದಲಾದರೆ ಯಾವುದನ್ನು ಹಿಡಿಯಬೇಕು ಎಂಬುದಕ್ಕೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಇದೆ. ಅದನ್ನು ನಿಮ್ಮ ವ್ಯಾಪಾರಿಯ ಲೆಕ್ಕಪರಿಶೋಧಕರ ಬಳಿ ಕೂತು ಬರೆಸಿಕೊಳ್ಳಿ, ನೀವೇ ಅರ್ಥ ಮಾಡಿಕೊಂಡು ಕೋಡ್ ಬರೆಯಲು ಹೋಗಬೇಡಿ.

ಯಾವುದು ಸೆಟ್ಟಿಂಗ್, ಯಾವುದು ಅಲ್ಲ ಎಂದು ಬೇರ್ಪಡಿಸಲು ನಾನು ಕೇಳುವ ಪ್ರಶ್ನೆ ಇದು: ಅದೇ ಕೋಡನ್ನು ಇನ್ನೊಂದು ಸರ್ವರಿಗೆ ಒಯ್ದರೆ ಈ ಬೆಲೆ ಬದಲಾಗುತ್ತದೆಯೇ? ಮೇಲ್ ಸರ್ವರಿನ ಹೆಸರು ಬದಲಾಗುತ್ತದೆ, ಅದು ಕಾನ್ಫಿಗ್. ತುಪ್ಪದ ತೆರಿಗೆ ಬದಲಾಗುವುದಿಲ್ಲ. ಬಳಕೆದಾರರು ಆರಿಸಿಕೊಂಡ ಭಾಷೆ ಸರ್ವರಿನದಲ್ಲ, ಅವರದು. ಅದು ಅವರ ಖಾತೆಯ ದಾಖಲೆಯಲ್ಲಿರಲಿ, ರಿಕ್ವೆಸ್ಟ್ ಜೊತೆ ಬರಲಿ. ಒಂದು ಬಿಲ್ಲಿನಲ್ಲಿ ಗರಿಷ್ಠ ಎಷ್ಟು ಸಾಲು ಎಂಬಂಥದ್ದು ಎಂದೂ ಬದಲಾಗದಿದ್ದರೆ ಕಾನ್ಫಿಗ್‌ಗೆ ಏಕೆ ಬರಬೇಕು, ಆಯಾ ಕ್ಲಾಸಿನ ಕಾನ್‌ಸ್ಟಂಟ್ ಆಗಿ ಇದ್ದರೆ ಸಾಕು. ಹೀಗೆ ಜರಡಿ ಹಿಡಿದರೆ ನಿಮ್ಮ ದೊಡ್ಡ ಅರೇ ಬಹುಪಾಲು ಕರಗುತ್ತದೆ ಎಂಬುದು ನನ್ನ ಅಂದಾಜು.

ಟೈಮ್‌ಜೋನ್ ಇದರಲ್ಲಿ ಎಲ್ಲಿಯೂ ಸರಿಯಾಗಿ ಕೂರದ ಪ್ರಾಣಿ. ಪಿಎಚ್‌ಪಿಯಲ್ಲಿ ಅದು ಇಡೀ ಪ್ರೊಸೆಸ್ಸಿನ ಸೆಟ್ಟಿಂಗ್, ಹೇಳದಿದ್ದರೆ ಯುಟಿಸಿ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಏಪ್ರಿಲ್ 1ರ ಮಧ್ಯರಾತ್ರಿ 12.30ಕ್ಕೆ ಹುಬ್ಬಳ್ಳಿಯಲ್ಲಿ ಮಾಡಿದ ಬಿಲ್ಲಿಗೆ ಯುಟಿಸಿಯಲ್ಲಿ ಮಾರ್ಚ್ 31ರ ಸಂಜೆ 7 ಗಂಟೆ. ಬಿಲ್ ಸಂಖ್ಯೆ ಹಳೆಯ ಹಣಕಾಸು ವರ್ಷದ ಸರಣಿಗೆ ಹೋಯಿತು! ಆರಂಭದ ಫೈಲಿನಲ್ಲಿ ಏಷ್ಯಾ–ಕೋಲ್ಕತಾ ಎಂದು ಒಮ್ಮೆ ಹೇಳಿ. ಅದರ ಜೊತೆಗೆ, ‘ಈಗ ಎಷ್ಟು ಗಂಟೆ’ ಎಂದು ತಿಳಿಯಬೇಕಾದ ಕ್ಲಾಸ್‌ಗಳಿಗೆ ಒಂದು ಗಡಿಯಾರದ ಆಬ್ಜೆಕ್ಟನ್ನು ಕನ್‌ಸ್ಟ್ರಕ್ಟರ್ ಮೂಲಕ ಕೊಡಿ. ಆಗ ಮಾರ್ಚ್ 31ರ ರಾತ್ರಿಯನ್ನು ಟೆಸ್ಟ್‌ನಲ್ಲಿ ಯಾವ ದಿನ ಬೇಕಾದರೂ ತರಿಸಬಹುದು.

ಫ್ರೇಮ್‌ವರ್ಕ್‌ಗಳು ಇದನ್ನೆಲ್ಲ ಹೇಗೆ ಮಾಡುತ್ತವೆ ಎಂದು ಕೇಳುವಿರಿ. ಪೈಥಾನಿನ ಜ್ಯಾಂಗೋ ನೇರವಾಗಿ ಒಂದು ಗ್ಲೋಬಲ್ ಸೆಟ್ಟಿಂಗ್ಸ್ ಆಬ್ಜೆಕ್ಟ್ ಇಟ್ಟುಕೊಂಡಿದೆ, ವರ್ಷಗಟ್ಟಲೆ ಅದರಲ್ಲೇ ನಡೆದಿದೆ. ಪ್ರೋಗ್ರಾಂ ಆರಂಭವಾದ ಮೇಲೆ ಅದನ್ನು ಬದಲಾಯಿಸಬಾರದು ಎಂಬ ನಿಯಮ, ಟೆಸ್ಟ್‌ನಲ್ಲಿ ತಾತ್ಕಾಲಿಕವಾಗಿ ಬದಲಿಸಿ ಹಿಂದಿರುಗಿಸುವ ಸೌಲಭ್ಯ, ಇವೆರಡರಿಂದ ಅದು ಬದುಕಿದೆ. ಆದ್ದರಿಂದ ಗ್ಲೋಬಲ್ ಕಂಡಲ್ಲೆಲ್ಲ ಕೋಲು ಎತ್ತಬೇಡಿ. ಓದಲು ಮಾತ್ರ ಬರುವ, ಎಂದೂ ಬದಲಾಗದ ಗ್ಲೋಬಲ್ ಬಹಳ ಕಡಿಮೆ ಹಾನಿ ಮಾಡುತ್ತದೆ. ಜಾವಾದ ಸ್ಪ್ರಿಂಗ್ ಬೂಟ್ ಮತ್ತು ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಕೋರ್ ಎರಡೂ ನಾನು ಹೇಳಿದ ಪುಟ್ಟ ಸೆಟ್ಟಿಂಗ್ ಕ್ಲಾಸ್‌ಗಳ ದಾರಿಯನ್ನೇ ಹಿಡಿದಿವೆ: ಫೈಲಿನ ಒಂದು ಭಾಗವನ್ನು ಟೈಪ್ ಇರುವ ಕ್ಲಾಸಿಗೆ ತುಂಬಿ, ಬೇಕಾದವರಿಗೆ ಕೊಡುತ್ತವೆ.

ಲಾರಾವೆಲ್‌ನಲ್ಲಿ ಕಾನ್ಫಿಗ್ ಫಂಕ್ಷನ್ ಎಲ್ಲೆಂದರಲ್ಲಿ ಸಿಗುತ್ತದೆ, ಬಳಸುವವರೂ ಎಲ್ಲೆಂದರಲ್ಲಿ ಬಳಸುತ್ತಾರೆ. ಅದು ಬೇಕಾದರೆ ಇರಲಿ. ಆದರೆ ‘ಎನ್ವ್’ ಫಂಕ್ಷನನ್ನು ಮಾತ್ರ ಕಾನ್ಫಿಗ್ ಫೈಲ್‌ಗಳ ಹೊರಗೆ ಕರೆಯಬೇಡಿ. ಸರ್ವರಿನಲ್ಲಿ ವೇಗಕ್ಕಾಗಿ ಕಾನ್ಫಿಗ್ ಕ್ಯಾಶ್ ಮಾಡಿದ (ಒಮ್ಮೆ ಓದಿದ್ದನ್ನು ಒಟ್ಟಾಗಿ ಉಳಿಸಿಟ್ಟ) ಮೇಲೆ, ಎನ್ವಿರಾನ್‌ಮೆಂಟ್ ಬೆಲೆಗಳನ್ನು ಬರೆದಿಡುವ ಡಾಟ್ ಎನ್ವ್ ಫೈಲನ್ನು ಲಾರಾವೆಲ್ ಓದುವುದನ್ನೇ ಬಿಡುತ್ತದೆ. ಆ ಫೈಲಿನಲ್ಲಿ ಮಾತ್ರ ಇರುವ ಬೆಲೆಯನ್ನು ಕೇಳಿದರೆ ನಲ್ ಸಿಗುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕ್ಯಾಶ್ ಇಲ್ಲದಿರುವುದರಿಂದ ಅಲ್ಲಿ ಎಲ್ಲವೂ ಸುಸೂತ್ರ. ‘ನನ್ನಲ್ಲಿ ಸರಿಯಾಗಿದೆ, ಸರ್ವರಿನಲ್ಲಿ ಆಗುತ್ತಿಲ್ಲ’ ಎಂಬ ಲಾರಾವೆಲ್ ದೂರು ಬಂದರೆ ನಾನು ಮೊದಲು ಹುಡುಕುವುದು ಇದನ್ನೇ.

ಕೊನೆಗೆ, ಈಗಿರುವ ಕೋಡನ್ನು ಬದಲಿಸುವ ಕ್ರಮ. ಒಂದೇ ವಾರಾಂತ್ಯದಲ್ಲಿ ಎಲ್ಲವನ್ನೂ ಕಿತ್ತು ಕಟ್ಟಲು ಹೋಗಬೇಡಿ, ವ್ಯಾಪಾರಿಗೆ ಸೋಮವಾರ ಬಿಲ್ ಬೇಕು. ಮೇಲ್ ಕ್ಲಾಸಿನಿಂದ ಶುರುಮಾಡಿ, ಏಕೆಂದರೆ ಅದು ಬೇರೆ ಯಾವ ಕ್ಲಾಸನ್ನೂ ಅವಲಂಬಿಸಿಲ್ಲ. ಅದರ ಕನ್‌ಸ್ಟ್ರಕ್ಟರ್‌ಗೆ ಮೇಲ್‌ಸೆಟ್ಟಿಂಗ್ಸ್ ಕೇಳುವಂತೆ ಮಾಡಿ, ಒಳಗಿನ ಗ್ಲೋಬಲ್ ಸಾಲು ಅಳಿಸಿ. ಈಗ ‘ನ್ಯೂ’ ಎಂದು ಮೇಲ್ ಹುಟ್ಟಿಸುತ್ತಿದ್ದ ಜಾಗಗಳೆಲ್ಲ ಮುರಿಯುತ್ತವೆ. ಆರಂಭದ ಫೈಲಿನಲ್ಲಿ ಸಿದ್ಧ ಮೇಲ್ ಆಬ್ಜೆಕ್ಟ್ ಕೊಡುವ ಒಂದು ಫಂಕ್ಷನ್ ಬರೆದು, ಸದ್ಯಕ್ಕೆ ಆ ಜಾಗಗಳಿಂದ ಅದನ್ನು ಕರೆಯಿರಿ. ಶುದ್ಧ ವಿನ್ಯಾಸ ಅಲ್ಲ ನಿಜ, ಆದರೆ ಕೆಲಸ ನಿಲ್ಲುವುದಿಲ್ಲ. ನಂತರ ಪಿಡಿಎಫ್, ಆಮೇಲೆ ಇನ್‌ವಾಯ್ಸ್. ಇನ್‌ವಾಯ್ಸ್‌ಗೆ ಕೈ ಹಾಕಿದಾಗ ಅದರೊಳಗೆ ಆ ಫಂಕ್ಷನ್ ಕರೆಯುವ ಸಾಲುಗಳನ್ನು ತೆಗೆದು, ಮೇಲ್ ಮತ್ತು ಪಿಡಿಎಫ್‌ಗಳನ್ನು ಕನ್‌ಸ್ಟ್ರಕ್ಟರ್‌ಗೆ ತನ್ನಿ. ಡೇಟಾಬೇಸನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಎಲ್ಲರೂ ಬಳಸುತ್ತಾರೆ, ಅದು ಮುರಿದರೆ ಎಲ್ಲವೂ ಮುರಿಯುತ್ತದೆ. ತೆರಿಗೆ ದರದ ಕೋಷ್ಟಕ ಮಾತ್ರ ಈ ಸರದಿಗೆ ಕಾಯಬಾರದು, ಅದನ್ನು ಇವತ್ತೇ ಮಾಡಿ. ಎಲ್ಲ ಮುಗಿದ ಮೇಲೆ ಕೋಡಿನಲ್ಲಿ ‘ಗ್ಲೋಬಲ್’ ಎಂದು ಹುಡುಕಿದಾಗ, ವರ್ಷಕ್ಕೊಮ್ಮೆ ತೆರೆಯುವ ಹಳೆಯ ವರದಿ ಪುಟಗಳಲ್ಲಿ ನಾಲ್ಕಾರು ಉಳಿದಿದ್ದರೆ ಹಾಗೆಯೇ ಬಿಡಿ. ಬೇರೆ ಕೆಲಸಕ್ಕೆಂದು ಆ ಪುಟ ತೆರೆದ ದಿನ ತೆಗೆದರಾಯಿತು.